ಒಗೆಯುವ ಕಲ್ಲಿನ ಅಡಿ

ಆ ದಿನದ ರಗಳೆಗೆಲ್ಲ ಕಾರಣ ಒಂದು ಚಿಪ್ಪು. ಅದೂ ಬದುಕಿದ್ದ ಚಿಪ್ಪಲ್ಲ, ಕಲ್ಲಾಗಿ ಹೋದ ಚಿಪ್ಪು.

ಲಾಂಡ್ರಿ ಮಾವ ಹೊಳೆದಂಡೆಯಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅದು ಮೊದಲಿನಿಂದಲೂ ಇತ್ತು, ಬಾಚಣಿಗೆಯ ಹಲ್ಲಿನಂಥ ಗೆರೆಗಳ ಗುರುತು. ಗಿರಾಕಿಗಳು, "ಅಂಗಿ ಬೆನ್ನಲ್ಲಿ ಇದೇನು ಬರೆ?" ಎಂದು ರೇಗಿದರೆ ಅವನ ಹೆಂಡತಿ, "ನಮ್ಮ ಲಾಂಡ್ರಿ ಸೀಲು ಕಣ್ರೀ, ಬೇರೆಯವರ ಬಟ್ಟೆ ಜೊತೆ ಅದಲುಬದಲಾಗಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಇಬ್ಬರೂ ಎರಡು ತುದಿಗೆ ನಿಂತು ಮೂವತ್ತು ವರ್ಷ ಒಗೆದು, ಕಲ್ಲಿನಲ್ಲಿ ಎರಡು ಗುಳಿ ಬಿದ್ದಿದ್ದವು. ಅವಳು ತೀರಿಕೊಂಡು ಹತ್ತು ತಿಂಗಳು. ಅವಳ ಗುಳಿಯಲ್ಲಿ ಅವನು ಒಂದು ಕರವಸ್ತ್ರವನ್ನೂ ಒಗೆದಿರಲಿಲ್ಲ. ಅದರ ಎದುರು ನಿಂತು ಕೆಲಸ ಮಾಡುವುದಷ್ಟೇ ಅವನಿಗೆ ಉಳಿದಿದ್ದ ಸಂಸಾರ.

ಬೆಳಿಗ್ಗೆ ಕೊರಳಲ್ಲಿ ಭೂತಗನ್ನಡಿ ನೇತುಹಾಕಿಕೊಂಡ ಮೇಡಂ ಒಬ್ಬರು ಬಂದರು. ಕಲ್ಲುಗಳ ಬಗ್ಗೆಯೇ ಓದಿದವರಂತೆ. ನುಣ್ಣನೆಯ ಕಲ್ಲೊಂದನ್ನು ಎತ್ತಿ, "ಇದು ದೂರದ ಬೆಟ್ಟದಿಂದ ಉರುಳಿ ಉರುಳಿ ಬಂದದ್ದು. ಅದಕ್ಕೇ ಮೂಲೆಯೆಲ್ಲ ಸವೆದಿದೆ," ಎಂದರು. ಆಮೇಲೆ ಒಗೆಯುವ ಕಲ್ಲನ್ನು ನೋಡಿ ಮಂಡಿಯೂರಿಬಿಟ್ಟರು. "ಇದು ಎಲ್ಲಿಂದಲೂ ಬಂದದ್ದಲ್ಲ, ಇಲ್ಲೇ ಹುಟ್ಟಿದ್ದು. ಈ ಚಿಪ್ಪಿನ ಜೀವಿ ಉಪ್ಪುನೀರಲ್ಲಿ ಮಾತ್ರ ಬದುಕ್ತಿತ್ತು. ಅಂದ್ರೆ ಇಲ್ಲಿ ಸಮುದ್ರ ಇತ್ತು!"

"ಯಾವಾಗ ಹೋಯ್ತಮ್ಮಾ?"

"ಕೋಟಿಗಟ್ಟಲೆ ವರ್ಷ ಆಯ್ತು."

"ಅದಕ್ಕೇ ನಂಗೆ ಗೊತ್ತಾಗಿಲ್ಲ," ಎಂದ ಮಾವ.

"ಮಧ್ಯಾಹ್ನ ನಮ್ಮವರನ್ನ ಕರ್ಕೊಂಡು ಬರ್ತೀನಿ. ಅಲ್ಲಿವರೆಗೆ ಇದರ ಮೇಲೆ ಒಗೀಬೇಡಿ," ಎಂದು ಮೇಡಂ ಓಡಿದರು.

ಇಷ್ಟು ಸಾಕಾಯಿತು. ದಂಡೆಯ ಮೇಲಿನ ಕಟಿಂಗ್ ಶಾಪಿನವನು ಅರ್ಧ ಗಡ್ಡ ಹೆರೆದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಬಂದ. ಅವನ ಹಿಂದೆ ನಿವೃತ್ತ ಗುಮಾಸ್ತರು, ಬೀದಿಯವರ ಬಾಯಲ್ಲಿ ರೂಲ್ಸ್ ತಾತ.

"ಮಾವ, ಕಲ್ಲು ಹೋಯ್ತು ಅಂತ್ಲೇ ತಿಳ್ಕೋ. ಗಾಜಿನ ಪೆಟ್ಟಿಗೇಲಿ ಇಡ್ತಾರೆ. ನೀನು ನೋಡಕ್ಕೂ ಟಿಕೆಟ್ ತಗೋಬೇಕು," ಎಂದ ಕಟಿಂಗ್ ಶಾಪಿನವನು.

"ರೂಲ್ಸ್ ಪ್ರಕಾರ, ದಂಡೆ ಮೇಲಿರೋದು ಸರ್ಕಾರದ್ದು. ಅಂಗಳದಲ್ಲಿರೋದು ಮನೆಯವರದ್ದು," ಎಂದರು ತಾತ, ಸರ್ಕಾರವೇ ತಮ್ಮ ಅಂಗಿಯ ಜೇಬಿನಲ್ಲಿದ್ದ ಹಾಗೆ.

ಮಾವ ಹೆಂಡತಿಯ ಗುಳಿಯಲ್ಲಿ ನಿಂತಿದ್ದ ನೀರನ್ನು ಅಂಗೈಯಿಂದ ಒರೆಸಿದ. "ಹಾರೆ ತಗೊಂಬನ್ನಿ," ಎಂದ.

ಹಾರೆ ಒಂದು ಬಂತು, ಸಲಹೆ ಹತ್ತು ಬಂದವು. ತಾತ "ಎಡಕ್ಕೆ" ಎಂದರೆ ಕಟಿಂಗ್ ಶಾಪಿನವನು "ಬಲಕ್ಕೆ" ಎನ್ನುತ್ತಿದ್ದ. ಕಲ್ಲು ಮಾತ್ರ ಮೇದು ಮಲಗಿದ ಎಮ್ಮೆಯ ಹಾಗೆ ಕದಲಲಿಲ್ಲ. ಕಡೆಗೆ ಸುತ್ತಲಿನ ದಂಡೆಯನ್ನೇ ಬುಡದವರೆಗೆ ಬಗೆದರು. ಕಲ್ಲು ಎದ್ದ ರಭಸಕ್ಕೆ ತಾತ ಜಾರಿ ಹೊಳೆಯೊಳಗೆ ಕೂತರು. ಅರ್ಧ ಗಡ್ಡದ ಗಿರಾಕಿ ಓಡಿಬಂದು ಅವರನ್ನು ಎಳೆದುಹಾಕಿ, ಕಲ್ಲು ಹೇರಿದ ತಳ್ಳುಗಾಡಿಗೂ ಹೆಗಲು ಕೊಟ್ಟ. ಕಲ್ಲು ಮಾವನ ಮನೆಯ ಅಂಗಳ ಸೇರಿತು. ಮಾವ ಅದರ ಮೇಲೆ ಕೈಯಿಟ್ಟುಕೊಂಡು ಕೂತ. ಹತ್ತು ತಿಂಗಳಲ್ಲಿ ಮೊದಲ ಸಲ ಅವನಿಗೆ ಹಸಿವಾಯಿತು.

ಮಧ್ಯಾಹ್ನ ಮೇಡಂ ಇಬ್ಬರ ಜೊತೆ ದಂಡೆಗೆ ಬಂದರು. ಅವರ ಹತ್ತಿರ ಹಾರೆಯೂ ಇರಲಿಲ್ಲ, ಗುದ್ದಲಿಯೂ ಇರಲಿಲ್ಲ. ಒಂದು ಬಕೆಟ್ಟು, ಒಂದು ಚೀಲ ಬಿಳಿ ಪುಡಿ, ಅಷ್ಟೆ.

"ಕಲ್ಲೆಲ್ಲಿ?"

"ಮನೇಲಿದೆ. ಕೊಡಲ್ಲ," ಎಂದ ಸುದ್ದಿ ತಿಳಿದು ಓಡಿಬಂದ ಮಾವ.

"ರೂಲ್ಸ್ ಪ್ರಕಾರ..." ಎಂದು ಶುರುಮಾಡಿದ ತಾತ ಸೀನಿದರು.

ಮೇಡಂ ತಲೆಯ ಮೇಲೆ ಕೈಹೊತ್ತರು. "ಅಯ್ಯೋ, ಕಲ್ಲನ್ನ ಯಾರು ಕೇಳಿದ್ರು? ಈ ಪುಡಿ ಕಲಸಿ ಚಿಪ್ಪಿನ ಅಚ್ಚು ತಗೊಂಡು ಹೋಗೋಣ ಅಂತ ಬಂದೆ. ಕಲ್ಲು ಇದ್ದಲ್ಲೇ ಇರಬೇಕು. ಜಾಗ ಬಿಟ್ಟ ಕಲ್ಲು ನಮಗೆ ಅರ್ಧ ಕತೇನೂ ಹೇಳಲ್ಲ."

ಮಾವನ ಮುಖ ಅರಳಿತು. "ಹಾಗಾದ್ರೆ ಈಗ್ಲೇ ವಾಪಸ್ ತಂದು ಇಡ್ತೀನಮ್ಮಾ!"

ಮೇಡಂಗೆ ಅದು ಕೇಳಿಸಲಿಲ್ಲ. ಅವರು ಕಲ್ಲಿದ್ದ ಗುಂಡಿಗೆ ಬಗ್ಗಿದ್ದರು. ಬಗೆದ ದಂಡೆಯಲ್ಲಿ ಪದರದ ಮೇಲೆ ಪದರ ಚಿಪ್ಪು. ನಡುವೆ ಮೊಳದುದ್ದದ ಒಂದು ದವಡೆ, ಹಲ್ಲುಗಳ ಸಮೇತ. ಯಾವುದೋ ಕಾಲದ ಪ್ರಾಣಿ ಎಲ್ಲರನ್ನೂ ನೋಡಿ ನಗುತ್ತಿದ್ದ ಹಾಗಿತ್ತು.

"ನೀವು ಕಲ್ಲು ಎತ್ತದಿದ್ರೆ ಇದು ಯಾರಿಗೂ ಕಾಣ್ತಿರಲಿಲ್ಲ!" ಮೇಡಂ ಮಾವನ ಎರಡೂ ಕೈ ಹಿಡಿದು ಕುಲುಕಿದರು.

ಸಂಜೆಯೊಳಗೆ ಸೇತುವೆಯಿಂದ ಹೊಳೆಯ ತಿರುವಿನವರೆಗೆ ತಂತಿಬೇಲಿ ಬಿತ್ತು. ಅಗೆದು ಮುಗಿಸಲು ಹತ್ತು ವರ್ಷವಾದರೂ ಬೇಕಂತೆ. ಅಲ್ಲಿಯವರೆಗೆ ಯಾರೂ ನೀರಿಗಿಳಿಯುವ ಹಾಗಿಲ್ಲ.

"ಹೋಗ್ಲಿ ಬಿಡು ಮಾವ, ಕಲ್ಲು ಉಳೀತಲ್ಲ," ಎಂದ ಕಟಿಂಗ್ ಶಾಪಿನವನು.

ಮನೆಯ ನಲ್ಲಿಯಲ್ಲಿ ಬರುತ್ತಿದ್ದದ್ದು ಕುಡಿಯಲು ಸಾಲುವಷ್ಟೇ ನೀರು. ಮಾವ ಖಾಲಿ ಬಕೆಟ್ ಹಿಡಿದು ಬೇಲಿಯ ಹತ್ತಿರ ಬಹಳ ಹೊತ್ತು ನಿಂತಿದ್ದ. ಕೊನೆಗೆ ಕಾವಲಿನವನನ್ನು ಕೇಳಿದ:

"ಅಪ್ಪಾ, ಒಂದೇ ಒಂದು ಬಕೆಟ್ ನೀರು..."

"ಆಗಲ್ಲ ಯಜಮಾನ್ರೇ," ಎಂದ ಅವನು. "ಒಳಗೆ ಸಮುದ್ರ ಸಿಕ್ಕಿದೆಯಂತೆ."