ತೊಳೆದು ತೊಳೆದು ತಂದ ನ್ಯುಮೋನಿಯ

"ಇನ್ನು ಮುಂದೆ ಈ ಮನೆಯಲ್ಲಿ ನನ್ನ ಕೈಯಿಂದ ಒಂದೇ ಒಂದು ಜೀವ ಹೋದರೆ, ನಾನು ಇಸ್ತ್ರಿಪೆಟ್ಟಿಗೆ ಮುಟ್ಟೋದಿಲ್ಲ!" ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಲಾಂಡ್ರಿಯ ಗರಿಗರಿ ಘೋಷಿಸಿದ. ಹೆಂಡತಿ ತಟ್ಟೆ ಒರೆಸುತ್ತಿದ್ದಳು. ಮಗಳು ಊಟ ಮಾಡುತ್ತಿದ್ದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಗರಿಗರಿ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಮೂಲೆಯ ಲಾಂಡ್ರಿ ಅವನದು. ಅವನ ಕೈ ದಾಟಿ ಬಂದ ಅಂಗಿಗೆ ಒಳಗೊಬ್ಬ ಮನುಷ್ಯನೇ ಬೇಕಿಲ್ಲ, ತಾನೇ ಎದ್ದು ಕಚೇರಿಗೆ ಹೋಗಿ ಬಂದೀತು, ಅಷ್ಟು ಗರಿ! ಕೊಳೆ ಕಂಡರೆ ಅವನಿಗೆ ಹಾವು ಕಂಡಂತೆ. ಮದುವೆಯ ದಿನ ಹೆಂಡತಿಯ ಗಲ್ಲದ ಮೇಲಿನ ಹುಟ್ಟುಮಚ್ಚೆಯನ್ನು ಕರವಸ್ತ್ರದಿಂದ ಒರೆಸಲು ಹೋದವನು ಅವನು. ಅದು ಹೋಗಲಿಲ್ಲ, ಅವಳ ಸಿಟ್ಟೂ ಇವತ್ತಿನವರೆಗೆ ಹೋಗಿಲ್ಲ. ಇರಲಿ, ಆ ಕತೆ ಎತ್ತಿದರೆ ಈ ಕತೆ ಮುಗಿಯುವುದಿಲ್ಲ.

ಮಗಳಿಗೆ ಒಂದು ಬಿಳಿ ಮೊಲವಿತ್ತು. ಬಿಳಿ ಅಂದರೆ ಮಗಳ ಕಣ್ಣಿಗೆ ಬಿಳಿ, ಅಪ್ಪನ ಕಣ್ಣಿಗೆ ಮಾಸಲು. ಒಂದು ಚಳಿ ದಿನ ಅವಳು ಶಾಲೆಗೆ ಹೋದದ್ದೇ ತಡ, ಪುಣ್ಯಾತ್ಮ ಅದಕ್ಕೆ ಸೋಪು ಹಚ್ಚಿ, ಉಜ್ಜಿ, ಕೊನೆಯ ನೀರಿಗೆ ಒಂದು ತೊಟ್ಟು ನೀಲಿ ಕೂಡ ಹಾಕಿ ಸ್ನಾನ ಮಾಡಿಸಿದ. ಮೊಲ ಹೊಳೆಯಿತು. ಹೊಳೆಯುತ್ತಲೇ ಸೀನಿತು. "ನ್ಯುಮೋನಿಯ," ಎಂದರು ಪಶುವೈದ್ಯರು. ಮೊಲ ಹೋಯಿತು, ಮೊಲದ ಹಿಂದೆಯೇ ಮಗಳ ಮಾತೂ ಹೋಯಿತು. ಎಲ್ಲರ ಜೊತೆ ಅಲ್ಲ, ಅಪ್ಪನ ಜೊತೆ ಮಾತ್ರ. ಅಲ್ಲಿಯವರೆಗೆ ಅಪ್ಪನಾಗಿದ್ದವನು ಈಗ 'ಅವರು' ಆದ.

"ಅಮ್ಮಾ, ಉಪ್ಪು ಅವರ ಹತ್ರ ಇದೆ. ಈ ಕಡೆ ಕೊಡೋಕೆ ಹೇಳು."

"ರೀ, ಉಪ್ಪು."

"ತಗೋ ಕಂದಾ..."

"ಅಮ್ಮಾ, ಕಂದಾ ಅನ್ನಬಾರದು ಅಂತ ಹೇಳು."

ಹೀಗೆ ಉಪ್ಪು ಮೇಜಿನ ಆ ತುದಿಯಿಂದ ಈ ತುದಿಗೆ ಬರುವಷ್ಟರಲ್ಲಿ ಊಟ ತಣ್ಣಗಾಗಿರುತ್ತಿತ್ತು. ಮನೆ ಅದಕ್ಕೂ ಮೊದಲೇ ತಣ್ಣಗಾಗಿತ್ತು. ಅವನಿಗೆ ಬೇಕಾಗಿದ್ದು ಇಷ್ಟೇ: ಆ ಹುಡುಗಿ ಇನ್ನೊಮ್ಮೆ 'ಅಪ್ಪಾ' ಅನ್ನಬೇಕು. ಅದಕ್ಕಾಗಿಯೇ ಆ ಘೋಷಣೆ, ಅದಕ್ಕಾಗಿಯೇ ಮೀನು.

"ಮೀನೇ ಯಾಕ್ರೀ?" ಎಂದಳು ಹೆಂಡತಿ.

"ಸ್ನಾನ ಮಾಡಿಸೋ ಪ್ರಶ್ನೆಯೇ ಬರಲ್ಲ ಕಣೇ! ಹುಟ್ಟಿದಾಗಿಂದ ಅದು ಸ್ನಾನದಲ್ಲೇ ಇದೆ!"

"ನಿಮ್ಮ ಕೈಗೆ ಸಿಕ್ಕರೆ ನೀರನ್ನೂ ತೊಳೆದುಬಿಡ್ತೀರಿ."

ಮೀನಂಗಡಿಯವಳು ಸ್ವಲ್ಪ ಸಿಡುಕಿ. ದಿನವಿಡೀ ಮಾತಾಡದ ಪ್ರಾಣಿಗಳ ನಡುವೆ ಕೂತು ಅವಳಿಗೆ ಮಾತಾಡುವ ಪ್ರಾಣಿಗಳನ್ನು ಕಂಡರೆ ಆಗುತ್ತಿರಲಿಲ್ಲ. "ಚಿಕ್ಕ ತೊಟ್ಟಿ ಸುಲಭ ಅಂದ್ಕೋಬೇಡಿ, ಬೇಗ ಕೆಡುತ್ತೆ. ಮೊದಲು ತೊಟ್ಟಿ ಒಂದಿಷ್ಟು ಹಳತಾಗಲಿ, ಆಮೇಲೆ ಮೀನು ಬಿಡಿ," ಎಂದಳು.

"ಹಳತಾಗೋದೇ? ನಮ್ಮ ಮನೆಗೆ ಬಂದದ್ದು ಯಾವುದೂ ಹಳತಾಗಲ್ಲ ತಾಯಿ, ಹಳೆಯದೇ ಹೊಸತಾಗುತ್ತೆ!"

ತಲೆದಿಂಬಿನಷ್ಟು ಗಾಜಿನ ತೊಟ್ಟಿ, ನೀರು ಸೋಸಲು ಗಾಳಿಗುಳ್ಳೆ ಬಿಡುತ್ತ ಗುಳುಗುಳು ಅನ್ನುವ ಒಂದು ಸ್ಪಂಜು, ತಳಕ್ಕೆ ಹಾಸಲು ಜಲ್ಲಿಕಲ್ಲು. ಅಂಗಡಿಯಲ್ಲಿ ಕಪ್ಪು, ಕಂದು, ಹಸಿರು ಎಲ್ಲ ಬಣ್ಣದ ಕಲ್ಲೂ ಇತ್ತು. ಇವನು ಆರಿಸಿದ್ದು ಬಿಳಿ! ಎರಡು ಕಿತ್ತಳೆ ಬಣ್ಣದ ಮೀನುಗಳನ್ನೂ ಅದೇ ದಿನ ತಂದು, ನಲ್ಲಿ ನೀರು ತುಂಬಿ, ಮೊಲದ ಗೂಡು ಇದ್ದ ಜಾಗದಲ್ಲೇ ಇಟ್ಟ.

ಮಗಳು ದೂರದಿಂದ ನೋಡಿದಳು. "ಅಮ್ಮಾ, ಇವಕ್ಕೆ ನಾನು ಹೆಸರಿಡಲ್ಲ ಅಂತ ಅವರಿಗೆ ಹೇಳು. ಹೆಸರಿಟ್ಟಿದ್ದೆಲ್ಲ ತೊಳೆದು ಹೋಗುತ್ತೆ."

ಹೆಂಡತಿ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅವನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತಿದ್ದು ಬಂದ.

ಆಮೇಲೆ ಶುರುವಾಯಿತು ನೋಡಿ ಸೇವೆ! ಪ್ರೀತಿ ಅಂದರೆ ಹೊಟ್ಟೆ ತುಂಬಿಸುವುದು ಎಂದುಕೊಂಡು ಕಂಡಾಗಲೆಲ್ಲ ಚಿಟಿಕೆ ಚಿಟಿಕೆ ಮೀನಿನ ಕಾಳು ಉದುರಿಸಿದ. ಮೀನು ತಿಂದಷ್ಟು ತಿಂದವು, ಮಿಕ್ಕದ್ದು ಕಲ್ಲಿನ ಸಂದಿಗಿಳಿಯಿತು. ತಿಂದದ್ದೂ ತುಸು ಬಳಸುದಾರಿ ಹಿಡಿದು ಕೊನೆಗೆ ಅದೇ ಸಂದಿಗೆ ಬಂತು! ಬಿಳಿ ಕಲ್ಲಿನ ನಡುವೆ ಕಂದು ಗಲೀಜು. ಗರಿಗರಿಗೆ ಅನ್ನ ಸೇರಲಿಲ್ಲ.

ಮೀನುಗಳನ್ನು ಬಕೆಟ್ಟಿಗೆ ಬಿಟ್ಟು, ಕಲ್ಲನ್ನೆಲ್ಲ ಬಾಚಿ, ಹೆಂಡತಿಯ ಹಳೆಯ ಉದ್ದ ಕಾಲುಚೀಲದಲ್ಲಿ ತುಂಬಿ, ಲಾಂಡ್ರಿಯ ದೊಡ್ಡ ಯಂತ್ರಕ್ಕೆ ಹಾಕಿದ. ಜೊತೆಯಲ್ಲಿ, ನೀರು ದಂಡವಾಗಬಾರದೆಂದು, ಬೀದಿಯ ಹಲ್ಲಿನ ಡಾಕ್ಟರ ಬಿಳಿ ಕೋಟುಗಳು! ಯಂತ್ರ ಗೂಡ್ಸ್ ರೈಲಿನಂತೆ ಕೂಗಿತು. ನಡುವೆ ಎಲ್ಲೋ ಕಾಲುಚೀಲ ಹರಿಯಿತು.

ಮರುದಿನ ಡಾಕ್ಟರು ಕೋಟು ಕೈಯಲ್ಲಿ ಹಿಡಿದೇ ಬಂದರು. "ಏನಯ್ಯಾ ಇದು? ರೋಗಿಯ ಬಾಯಿಗೆ ಬಗ್ಗಿದ್ರೆ ನನ್ನ ತೋಳಿಂದ ಬಿಳಿ ಕಲ್ಲು ಟಣ್ ಅಂತ ತಟ್ಟೆಗೆ ಬಿತ್ತು! ಇನ್ನೂ ಇಂಜೆಕ್ಷನ್ನೇ ಕೊಟ್ಟಿಲ್ಲ, ಹಲ್ಲು ಹೇಗೆ ಬಂತು ಅಂತ ಆ ಮನುಷ್ಯ ಎದ್ದು ಓಡಿಹೋದ!"

"ತೊಳೆದ ಕಲ್ಲೇ ಡಾಕ್ಟ್ರೇ, ಶುದ್ಧವಾಗಿತ್ತು," ಎಂದ ಗರಿಗರಿ.

ಸ್ಪಂಜಿನ ಮೇಲೂ ಕಂದು ಲೋಳೆ ಕಟ್ಟಿತ್ತು. ಅದನ್ನು ಕುದಿನೀರಿನಲ್ಲಿ ಹಿಂಡಿ ಹಿಂಡಿ ಮದುವಣಗಿತ್ತಿಯ ಹಾಗೆ ಮಾಡಿದ. ಇಸ್ತ್ರಿ ಮಾಡಲಿಲ್ಲ, ಅದೊಂದು ಪುಣ್ಯ. ಹಳೆಯ ನೀರನ್ನು ಪೂರ್ತಿ ಚೆಲ್ಲಿ ಹೊಸ ನೀರು ತುಂಬಿದ. ಹೆಂಡತಿಯ ಬಾಯಿಮಾತು ನಿಜವಾಯಿತು, ನೀರನ್ನೂ ತೊಳೆದಿದ್ದ! ಮತ್ತೆ ಕಾಳು ಹಾಕುವುದು, ಮತ್ತೆ ಕಂದು ಕಾಣುವುದು, ಮತ್ತೆ ಇದೇ ಕತೆ. ತೊಟ್ಟಿ ಕನ್ನಡಿಯಂತೆ ಹೊಳೆಯುತ್ತಿತ್ತು. ಅದರೊಳಗೆ ಮೀನುಗಳು ಮಾತ್ರ ದಿನದಿನಕ್ಕೆ ಮಂಕಾದವು.

ಒಂದು ಬೆಳಿಗ್ಗೆ ಎರಡೂ ಮೇಲೆ ಬಂದು, ನೀರಿನ ಅಂಚಿಗೆ ಬಾಯಿಟ್ಟು ಪಕ್ ಪಕ್ ಅನ್ನುತ್ತಿದ್ದವು.

"ನೋಡೇ, ಖುಷಿಯಾಗಿ ಹಾಡ್ತಿವೆ!"

"ಹಾಡ್ತಿಲ್ಲ ರೀ. ಬಾಯಿ ಬಾಯಿ ಬಿಡ್ತಿವೆ."

ಮಗಳು ಶಾಲೆಯ ಚೀಲ ಹೆಗಲಿಗೇರಿಸಿ ತೊಟ್ಟಿಯ ಮುಂದೆ ನಿಂತಳು. ಅಮ್ಮನ ಮೂಲಕವೂ ಏನೂ ಹೇಳಿ ಕಳಿಸಲಿಲ್ಲ. ಸುಮ್ಮನೆ ಹೋದಳು. ಆ ಮೌನ ಅವನ ಬೆನ್ನಿಗೆ ಒದ್ದೆ ಬಟ್ಟೆಯಂತೆ ಅಂಟಿಕೊಂಡಿತು.

ಲಾಂಡ್ರಿಗೆ ಓಡಿ, ಅಲ್ಲಿಂದಲೇ ಮೀನಂಗಡಿಗೆ ಫೋನು ಮಾಡಿದ. ಹಿಂದೆ ಯಂತ್ರ ಹಿಂಡುವ ಸುತ್ತಿನಲ್ಲಿತ್ತು. ಯಂತ್ರ ಹಿಂಡುವಾಗ ಆ ಅಂಗಡಿಯಲ್ಲಿ ದೇವರು ಬಂದು ವರ ಕೊಟ್ಟರೂ ಕೇಳಿಸುವುದಿಲ್ಲ.

"ಮೀನು ಬಾಯಿ ಬಿಡ್ತಿವೆ ತಾಯಿ! ಏನಾಗಿದೆ?"

"...ಮೋನಿಯ!"

"ಏನು?"

"...ಮೋನಿಯ! ...ಮೋನಿಯ ಏರಿದೆ! ಬೇಗ ನೀರು..." ಮುಂದಿನದ್ದನ್ನು ಯಂತ್ರ ನುಂಗಿತು.

ಅವಳು ಅಂದದ್ದು ಅಮೋನಿಯ. ಆದರೆ ಒಂದು ಮೊಲವನ್ನು ಮಣ್ಣು ಮಾಡಿದ ಕಿವಿಗೆ ಏನು ಕೇಳಿಸೀತು ಹೇಳಿ? ಅವನ ಕೈಯಿಂದ ಫೋನು ಜಾರಿತು. "ನ್ಯುಮೋನಿಯ!" ಎಂದು ಕಿರುಚಿದವನೇ ಯಂತ್ರ ತಿರುಗುತ್ತಿರುವಂತೆಯೇ ಮನೆಗೆ ಓಡಿದ. ಇಸ್ತ್ರಿ ಅಂಗಿಯ ಗರಿಯೆಲ್ಲ ದಾರಿಯಲ್ಲೇ ಮುದುರಿತು.

ನ್ಯುಮೋನಿಯಕ್ಕೆ ಏನು ಬೇಕು? ಬೆಚ್ಚಗಿರಬೇಕು! ಕಿಟಕಿ ಮುಚ್ಚಿದ. ಗುಳುಗುಳು ಗಾಳಿ ಥಂಡಿ ಎಂದು ಅದನ್ನೂ ನಿಲ್ಲಿಸಿದ. ತೊಟ್ಟಿಗೆ ಬಿಸಿನೀರು ಸುರಿದ, ಸುತ್ತಲೂ ಉಣ್ಣೆಯ ಶಾಲು ಹೊದಿಸಿದ, ಪಕ್ಕಕ್ಕೆ ಮೇಜಿನ ದೀಪ ಹಚ್ಚಿಟ್ಟ. "ಈ ಸಲ ಬಿಡಲ್ಲ ಕಣ್ರಪ್ಪಾ," ಎಂದು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತ. ಬೆವರುತ್ತಿದ್ದ. ಮೀನುಗಳು ಬೆವರಿದವೋ ಇಲ್ಲವೋ, ನೀರಿನಲ್ಲಿ ಗೊತ್ತಾಗುವುದಿಲ್ಲ.

ಸಂಜೆ ಹೆಂಡತಿ ಬ್ಯಾಂಕಿನ ಕೆಲಸದಿಂದ ಬರುವಾಗ ಶಾಲೆಯಿಂದ ಮಗಳನ್ನೂ ಕರೆದುಕೊಂಡು ಬಂದಳು. ಬಾಗಿಲು ತೆರೆದರೆ ಮನೆಯೊಳಗೆ ಸೆಕೆ, ಶಾಲು ಹೊದ್ದ ಗಾಜಿನ ತೊಟ್ಟಿ, ಅದರ ಪಕ್ಕ ಕೆದರಿದ ಕೂದಲಿನ ಗಂಡ.

"ಏನ್ರೀ ಇದು! ಮೀನು ಸಾಕ್ತಿದೀರೋ, ಬೇಯಿಸ್ತಿದೀರೋ?"

"ನ್ಯುಮೋನಿಯ ಕಣೇ! ಅಂಗಡಿಯವಳೇ ಹೇಳಿದ್ಳು!"

ಹೆಂಡತಿ ಅಂಗಡಿಗೆ ಫೋನು ಮಾಡಿದಳು. ಕೇಳಿದಳು. ಕೇಳುತ್ತಾ ಕೇಳುತ್ತಾ ಗಂಡನನ್ನು ನೋಡಿದಳು. ಫೋನು ಇಟ್ಟು ಶಾಲು ಕಿತ್ತೆಸೆದಳು.

"ನ್ಯುಮೋನಿಯ ಅಲ್ಲ ರೀ, ಅಮೋನಿಯ! ನೀವು ಉದುರಿಸಿದ ಕಾಳು, ಅವುಗಳ ಗಲೀಜು, ಎಲ್ಲ ಕಲ್ಲಿನ ಸಂದೀಲಿ ಕೊಳೆತು ನೀರಿಗೆ ವಿಷ ಬಿಡುತ್ತಂತೆ. ಬಿಸಿ ಮಾಡಿದ್ರೆ ವಿಷ ಇನ್ನೂ ಜೋರಂತೆ!"

"ಎಲ್ಲಿದೆ ವಿಷ? ನೀರು ನೋಡೇ, ಎಷ್ಟು ತಿಳಿಯಾಗಿದೆ!"

"ಕಾಣಲ್ಲವಂತೆ. ಅದನ್ನ ತಿಂದು ತೊಳೆಯೋ ಸೂಕ್ಷ್ಮಜೀವಿಗಳು ಕಲ್ಲಲ್ಲಿ, ಸ್ಪಂಜಲ್ಲಿ ಸಂಸಾರ ಹೂಡಬೇಕಂತೆ. ಅದಕ್ಕೇ ತೊಟ್ಟಿ ಹಳತಾಗಲಿ ಅಂದಿದ್ದಂತೆ. ಆ ಕಂದು ಲೋಳೆಯೇ ಅವುಗಳ ಮನೆ! ಅವು ಮನೆ ಕಟ್ಟಿದ ಹಾಗೆಲ್ಲ ನೀವು ಕುದಿನೀರು ಸುರಿದು ಬಂದಿದೀರಿ!"

ಗರಿಗರಿ ಗೋಡೆಗೆ ಒರಗಿದ. "ಅವೂ... ತೊಳೆಯೋ ಕಸುಬಿನವೇ?"

"ನಿಮ್ಮ ಕಸುಬಿನವೇ. ಒಂದನ್ನೂ ಬಿಡದೆ ಕೊಂದ್ರಿ."

ನಲ್ಲಿ ನೀರಿನ ಕ್ಲೋರಿನ್ ಮೀನಿಗೆ ಆಗದಂತೆ; ದಿನವಿಡೀ ತೆರೆದಿಟ್ಟು ಅದು ಹಾರಿಹೋದ ಬಕೆಟ್ಟಿನ ನೀರನ್ನು ನೆರೆಮನೆಯಾಕೆ ಕೊಟ್ಟಳು. ಗುಳುಗುಳು ಮತ್ತೆ ಶುರುವಾಯಿತು. ಅಂಗಡಿಯವಳು ಹೇಳಿದಂತೆ ಕಲ್ಲಿನ ಗಲೀಜನ್ನು ಕೊಳವೆಯಿಂದ ಹೀರಿ ತೆಗೆಯಬೇಕಿತ್ತು. ಗರಿಗರಿ ಕೊಳವೆಗೆ ಬಾಯಿಟ್ಟು ಎಳೆದ. ಒಂದು ಗುಟುಕು ಹೆಚ್ಚಾಗಿಯೇ ಎಳೆದ.

"ಹೇಗಿದೆ ರುಚಿ?" ಎಂದಳು ಹೆಂಡತಿ.

ಅವನು ಬಚ್ಚಲಿಗೆ ಓಡಿ ಉಗಿದ. ಬೇರೆ ದಿನವಾಗಿದ್ದರೆ ಮನೆಯೆಲ್ಲ ನಗುತ್ತಿತ್ತು. ಆದರೆ ಅಷ್ಟು ಹೊತ್ತಿಗೆ ಒಂದು ಮೀನು ಮಗ್ಗುಲಾಗಿತ್ತು. ಅರ್ಧ ನೀರು ಬದಲಾಯಿಸಿದರೂ ಅದು ನೆಟ್ಟಗಾಗಲಿಲ್ಲ. ಮಗಳು ಚಮಚದಲ್ಲಿ ಮೆಲ್ಲಗೆ ಎತ್ತಿ, ಬಾಲ್ಕನಿಯ ಹೂಕುಂಡದ ಮಣ್ಣಿನಲ್ಲಿ ಮುಚ್ಚಿದಳು. ಅವನು ಬಾಗಿಲಲ್ಲೇ ನಿಂತ. ಹತ್ತಿರ ಹೋಗುವ ಧೈರ್ಯವಾಗಲಿಲ್ಲ. ಅವಳು ಕೈ ತೊಳೆದುಕೊಂಡು ಅವನ ಪಕ್ಕದಿಂದಲೇ ಒಳಗೆ ಹೋದಳು, ಅಲ್ಲಿ ಬಾಗಿಲು ಮಾತ್ರ ಇದೆ, ಮನುಷ್ಯ ಇಲ್ಲ ಅನ್ನುವಂತೆ.

ಇಸ್ತ್ರಿಪೆಟ್ಟಿಗೆಯ ಶಪಥವನ್ನು ಯಾರೂ ಎತ್ತಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು.

ಉಳಿದದ್ದು ಒಂದು ಮೀನು. ಅದು ಸ್ಪಂಜಿನ ಹಿಂದೆ ಮುದುರಿ ಕೂತಿರುತ್ತಿತ್ತು. ಅದಕ್ಕೆ ಔಷಧಿ ಏನು? ಎರಡು ದಿನಕ್ಕೊಮ್ಮೆ ಒಂದಿಷ್ಟು ಹಾಗೆ ತೆರೆದಿಟ್ಟ ನೀರು, ಚೂರೇ ಚೂರು ಕಾಳು, ಉಳಿದಂತೆ ಏನೂ ಮಾಡದಿರುವುದು! ಏನೂ ಮಾಡದಿರುವುದಕ್ಕಿಂತ ಕಷ್ಟದ ಕೆಲಸ ಆ ಮನುಷ್ಯನಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಕಣ್ಣೆದುರೇ ಸ್ಪಂಜು ಹಳದಿಯಾಯಿತು. ಹಳದಿ ಕಂದಾಯಿತು. ಬಿಳಿ ಕಲ್ಲಿನ ಮೇಲೆ ಮಂಕು ಕವಿಯಿತು. ಅವನು ಲಾಂಡ್ರಿಯಲ್ಲಿ ಬೇರೆಯವರ ಬಟ್ಟೆಗಳ ಮೇಲೆ ಸೇಡು ತೀರಿಸಿಕೊಂಡ. ಬೀದಿಯವರ ಕಾಲರುಗಳು ಕುತ್ತಿಗೆ ಕೊಯ್ಯುವಂತಾದವು.

ನೀರು ಬದಲಾಯಿಸುವ ಕೆಲಸವನ್ನು ಮಗಳು ತಾನೇ ವಹಿಸಿಕೊಂಡಳು. ಕೊಳವೆ ಹಿಡಿಯುವುದು, ಸ್ವಲ್ಪ ಗಲೀಜು ಹೀರುವುದು, ನಿಲ್ಲಿಸುವುದು. ಎಲ್ಲಿ ನಿಲ್ಲಿಸಬೇಕೆಂದು ಅವಳಿಗೆ ಗೊತ್ತಿತ್ತು. ಅದು ಅಪ್ಪನಿಂದ ಬಂದ ಗುಣವಲ್ಲ.

ಒಂದು ರಜೆಯ ಮಧ್ಯಾಹ್ನ. ಮೀನು ಸ್ಪಂಜಿನ ಹಿಂದಿನಿಂದ ಹೊರಬಂದು, ಬಾಲ ಬೀಸಿ, ಕಲ್ಲು ಮೂಸುತ್ತಿತ್ತು. ಮಗಳು ತೊಟ್ಟಿಯ ಪಕ್ಕ ಕೂತು ಲೆಕ್ಕ ಮಾಡುತ್ತಿದ್ದಳು. ಗರಿಗರಿ ಎದುರಿನ ಕುರ್ಚಿಯಲ್ಲಿ ಕೂತು ಗಾಜಿನ ಮೂಲೆಯ ಒಂದು ಕಂದು ಕಲೆಯನ್ನೇ ದಿಟ್ಟಿಸುತ್ತಿದ್ದ. ಚಿಕ್ಕ ಕಲೆ. ಒಂದೇ ಒರೆತ. ಯಾರಿಗೂ ಗೊತ್ತಾಗುವುದಿಲ್ಲ. ಕರವಸ್ತ್ರ ಅವನನ್ನು ಕೇಳದೆಯೇ ಕೈಗೆ ಬಂತು. ಅವನು ಅರ್ಧ ಎದ್ದ.

"ಅಪ್ಪಾ."

ಅವಳು ಪುಸ್ತಕದಿಂದ ತಲೆ ಎತ್ತಿರಲಿಲ್ಲ. ಒಳಗೆ ಹೆಂಡತಿಯ ಕೈಯಲ್ಲಿದ್ದ ಪಾತ್ರೆಯ ಸದ್ದು ನಿಂತಿತು. ಆ ಕರವಸ್ತ್ರ ಗರಿಗರಿಯ ಕಣ್ಣಿಗೆ ಹೋಯಿತು.

"ಏ... ಏನು ಕಂದಾ?"

"ಕೈ ಕಟ್ಟಿ ಕೂತ್ಕೋ."

ಅವನು ಕೂತ. ಶಾಲೆಯ ಮಗುವಿನಂತೆ ಎರಡೂ ಕೈ ಎದೆಗೆ ಕಟ್ಟಿದ. ಒಂದು ನಿಮಿಷ ತಡೆದುಕೊಂಡ.

"ಅಲ್ಲ ಕಂದಾ, ಆ ಮೂಲೇಲಿ ಒಂಚೂರು..."

"ಬಾಯೂ ಮುಚ್ಚು."