ಒಬ್ಬರಿಗೆ ಒಂದು ಗಂಟೆ

ಎಲ್ಲ ತಾಪತ್ರಯಕ್ಕೂ ಮೂಲ ಚನ್ನಬಸಯ್ಯನವರ ಒಂದು ಮಾತು. "ಮೊದಲ ದಿನದ ಬೋಣಿ ಹೊರಗಿನವರಿಂದ ಆಗಬಾರದ್ರಿ ಡಾಕ್ಟ್ರ. ನಮ್ಮ ಮಂದಿಯಿಂದನ ಆಗಬೇಕು."

ಡಾಕ್ಟರು ಎಂದರೆ ವಿರುಪಾಕ್ಷ. ಹುಬ್ಬಳ್ಳಿಯವನು, ಮೆಲ್ಬರ್ನ್‌ನಲ್ಲಿ ಆಸ್ಟಿಯೋಪತಿ ಓದಿದವನು. ಮಾತ್ರೆ, ಇಂಜೆಕ್ಷನ್ ಯಾವುದೂ ಇಲ್ಲದೆ ಬರಿಗೈಯಿಂದ ಬೆನ್ನು, ಕುತ್ತಿಗೆ, ಕೀಲುಗಳನ್ನು ಒತ್ತಿ ಸರಿಮಾಡುವ ವಿದ್ಯೆ ಅದು. ಬೆಂಗಳೂರಿನಲ್ಲಿರುವ ಅವನ ಅತ್ತೆ ಮಾತ್ರ ಇವತ್ತಿಗೂ "ನಮ್ಮ ಅಳಿಯಂದಿರು ಫಾರಿನ್‌ನಲ್ಲಿ ಉಳುಕು ತೆಗೀತಾರೆ" ಎಂದೇ ನೆಂಟರಿಗೆ ಹೇಳುತ್ತಾರೆ.

ಮೊದಲು ಅವನು ಮೆಲ್ಬರ್ನ್‌ನದೇ ಬಾಕ್ಸ್ ಹಿಲ್ ಬಡಾವಣೆಯ ಒಂದು ಕ್ಲಿನಿಕ್ಕಿನಲ್ಲಿ ದುಡಿದ. ಅಲ್ಲಿ ಒಬ್ಬ ರೋಗಿಗೆ ಹತ್ತೇ ನಿಮಿಷ. ಚಳಿಗಾಲದಲ್ಲಂತೂ ಬಂದವರು ಕೋಟು, ಸ್ವೆಟರು ಬಿಚ್ಚುವುದರೊಳಗೆ ಅರ್ಧ ಹೊತ್ತು ಮುಗಿದಿರುತ್ತಿತ್ತು. ಒಮ್ಮೆ ಒಬ್ಬ ಮುದುಕಿ, ಈ ಭುಜದ ನೋವು ತನ್ನ ಗಂಡ ತೀರಿಕೊಂಡ ವಾರ ಶುರುವಾಯಿತು ಎಂದು ಬಾಯಿ ತೆರೆಯುವಷ್ಟರಲ್ಲಿ ಮುಂದಿನವರು ಬಾಗಿಲಿಗೆ ಬಂದು ನಿಂತಿದ್ದರು. ಆಕೆ ಮತ್ತೆ ಬರಲಿಲ್ಲ. ಅದು ವಿರುಪಾಕ್ಷನನ್ನು ಒಳಗೊಳಗೇ ಕೊರೆಯುತ್ತಿತ್ತು. ತನ್ನದೇ ಕ್ಲಿನಿಕ್ ತೆರೆದರೆ ಒಬ್ಬರಿಗೆ ಪೂರಾ ಒಂದು ಗಂಟೆ, ಯಾರ ಮಾತನ್ನೂ ನಡುವೆ ತುಂಡರಿಸುವಂತಿಲ್ಲ, ಒಳಗೆ ರೋಗಿ ಇದ್ದಷ್ಟು ಹೊತ್ತೂ ತನ್ನ ಫೋನು ಬಂದ್, ಬಾಗಿಲು ಬಂದ್ ಎಂದು ನಿಶ್ಚಯಿಸಿಬಿಟ್ಟ.

ಹೆಂಡತಿ ಐಶ್ವರ್ಯಾಗೆ ನಿಶ್ಚಯ ಹಿಡಿಸಿತು, ಊರು ಹಿಡಿಸಲಿಲ್ಲ. ಮೆಲ್ಬರ್ನ್‌ನಲ್ಲಿ ಕೈಗೆಟುಕುವ ರೆಂಟಿಗೆ ಜಾಗ ಸಿಗದೆ ಅವನು ಸಿಡ್ನಿಯ ಬ್ಲ್ಯಾಕ್‌ಟೌನ್‌ನಲ್ಲಿ ಒಂದು ಕಿರಾಣಿ ಅಂಗಡಿಯ ಮಹಡಿ ಹಿಡಿದಾಗ ಅವಳು, "ನೀನು ಹೋಗಿ ಶುರು ಮಾಡು ವಿರು. ಅಲ್ಲಿ ನಂಗೂ ಒಂದು ಕೆಲ್ಸ ಸಿಕ್ಕಿದ್ರೆ ಬರ್ತೀನಿ. ಸುಮ್ನೆ ಮನೇಲಿ ಕೂತ್ಕೊಳ್ಳೋಕೆ ಬರಲ್ಲ" ಎಂದಿದ್ದಳು. ಅಂದಿನಿಂದ ಹೆಂಡತಿ ಅಲ್ಲಿ, ಗಂಡ ಇಲ್ಲಿ. ಮಹಡಿಗೆ ಬಣ್ಣ ಹೊಡೆಯುವಾಗಲೂ ಅವನಿಗೆ ಅದೊಂದೇ ಚಿಂತೆ. ಅವಳು ಬರದಿದ್ದರೆ ಇದೆಲ್ಲ ಯಾರಿಗೆ?

ಪ್ರಾರಂಭೋತ್ಸವದ ದಿನ ಪೂಜೆಗೆ ಹತ್ತಿಪ್ಪತ್ತು ಜನ ಸೇರಿದರು. ಬೆಳಗಾವಿಯ ಚನ್ನಬಸಯ್ಯನವರು, ಹತ್ತಿರದ ದಿ ಪಾಂಡ್ಸ್ ಬಡಾವಣೆಯಲ್ಲಿ ಮಗನ ಮನೆಯಲ್ಲಿರುವವರು, ಮುಂದೆ ನಿಂತು ಕಾಯಿ ಒಡೆಸಿದರು. ಅವರ ಹೆಂಡತಿ ಗಿರಿಜವ್ವ ಅವಲಕ್ಕಿ ಹಂಚಿ, ಕ್ಲಿನಿಕ್ಕಿನ ಫೋನಿನ ಮುಂದೆ ಕುರ್ಚಿ ಎಳೆದುಕೊಂಡು ಕೂತರು. "ಕೆಲಸಕ್ಕ ಒಬ್ಬಾಕಿ ಹುಡುಗಿ ಸಿಗೂತನಕಾ ಫೋನ್ ನಾ ನೋಡ್ಕೋತೀನಿ. ನೀವು ನಿಶ್ಚಿಂತಿಯಿಂದ ಒಳಗ ಹೋಗ್ರಿ. ಒಂದು ನೊಣಾನೂ ಬಿಡೂದಿಲ್ಲ ನಾ."

ಅವಲಕ್ಕಿ ತಿಂದವರು ಮನೆಗೆ ಹೋಗಬೇಕಲ್ಲ? ಆಗಲೇ ಬಂತು ನೋಡಿ, ಆ ಬೋಣಿಯ ಮಾತು. ಹೇಳಿದವರೇ ಎಲ್ಲರಿಗಿಂತ ಮೊದಲು ಒಳಗೆ ಹೋಗಿ ಮಲಗಿದರು.

"ಎಲ್ಲಿ ನೋವು ಅಂಕಲ್?"

"ನೋವು ಅಂತ ಏನಿಲ್ಲ. ಆದ್ರ ಇರಬೇಕಲ್ಲ, ನೋಡ್ರಿ."

ನೋವು ಹುಡುಕುತ್ತ ಚನ್ನಬಸಯ್ಯನವರು ತಮ್ಮ ಹೈಸ್ಕೂಲು ಮೇಷ್ಟ್ರಗಿರಿಯ ಮೊದಲ ವರ್ಷಕ್ಕೆ ಹೋದರು. ಅಲ್ಲಿಂದ ವರ್ಗಾವಣೆ, ವರ್ಗಾವಣೆಯಿಂದ ಹೆಡ್‌ಮಾಸ್ಟರ ಜಗಳ. ಮಗ ಸೊಸೆ ಕೆಲಸಕ್ಕೆ ಹೋಗುತ್ತಾರೆ, ಮೊಮ್ಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತವೆ. ಇಷ್ಟು ದಿನಕ್ಕೆ ಅವರ ಮಾತಿಗೆ ಹೂಂಗುಟ್ಟುವವನೊಬ್ಬ ಸಿಕ್ಕಿದ್ದ. ವಿರುಪಾಕ್ಷನಿಗೆ ಬಾಯಿ ಮುಚ್ಚಿಸುವ ಮನಸ್ಸಾಗಲಿಲ್ಲ. ಅವನದೇ ನಿಯಮ ಬೇರೆ.

ಆಮೇಲೆ ಉಡುಪಿಯ ಸೇಸಪ್ಪ. ಅವರು ಕುತ್ತಿಗೆ ತೋರಿಸುತ್ತ ತೋರಿಸುತ್ತಲೇ ನಿದ್ದೆ ಹೋದರು. ಎಬ್ಬಿಸುವುದೂ ಮಾತು ತುಂಡರಿಸಿದ ಹಾಗೆಯೇ ಆದೀತೇನೋ ಎಂದು ಇವನು ಪಕ್ಕದಲ್ಲಿ ಕೂತು ಗೊರಕೆ ಕೇಳಿದ. ಎದ್ದ ಸೇಸಪ್ಪ, "ನಿಮ್ಮ ಕೈಗುಣ ಭಾರೀ ಒಳ್ಳೆದುಂಟು ಮಾರಾಯ್ರೆ" ಎಂದು ಹೊರಗೆ ಸಾರಿದ್ದೇ ತಡ, ಹೊರಟಿದ್ದವರೂ ಚಪ್ಪಲಿ ಬಿಟ್ಟು ಮತ್ತೆ ಕೂತರು.

ಮಧ್ಯಾಹ್ನ ಗಿರಿಜವ್ವ ಬಾಗಿಲು ಸಂದಿಯಿಂದ ಪಿಸುಗುಟ್ಟಿದರು. "ಡಾಕ್ಟ್ರ, ಯಾರೋ ಇಂಗ್ಲಿಷಿನ್ಯಾಗ ಫೋನ್ ಮಾಡಿದ್ರು, ಹೆಣ್ಮಗಳು. ಡಾಕ್ಟರ್ ಬಿಜಿ, ಅಪಾಯಿಂಟ್‌ಮೆಂಟ್ ಓನ್ಲಿ ಅಂದೆ. ಮೂರೂವರಿಗೆ ಕೊಟ್ಟೀನಿ. ಪೂರ್ತಿ ಒಂದು ಗಂಟೆ ಬೇಕಂತ."

ವಿರುಪಾಕ್ಷನ ಎದೆ ಅರಳಿತು. ಬೋಣಿ, ಅವಲಕ್ಕಿ, ಬಳಗ ಯಾವುದೂ ಅಲ್ಲದ ಮೊದಲ ನಿಜವಾದ ರೋಗಿ. ಈ ವಿಷಯ ರಾತ್ರಿ ಐಶ್ವರ್ಯಾಗೆ ಹೇಳಬೇಕು ಎಂದುಕೊಂಡ.

ಮೂರೂವರೆಗೆ ಒಳಗೆ ಮಲಗಿದ್ದವರು ಮತ್ತೆ ಚನ್ನಬಸಯ್ಯ. "ಮುಂಜಾನಿ ಬರೀ ಬೋಣಿಗೆ ಬಂದಿದ್ದೆ. ಖರೇ ನೋವು ಈಗ ಸುರು ಆಗೇತಿ" ಎಂದು ನುಗ್ಗಿದವರು ಹೆಡ್‌ಮಾಸ್ಟರ ಜಗಳವನ್ನು ಬಿಟ್ಟಲ್ಲಿಂದ ಹಿಡಿದಿದ್ದರು. ಹೇಳುತ್ತ ಹೇಳುತ್ತ ಅವರ ಕಣ್ಣಲ್ಲಿ ನೀರು ಬಂತು. ಅಳುವ ಹಿರಿಯರನ್ನು ಎಬ್ಬಿಸುವುದು ಹೇಗೆ?

ಗಿರಿಜವ್ವ ಬಾಗಿಲು ತಟ್ಟಿದರು. "ಮೂರೂವರಿ ಹೆಣ್ಮಗಳು ಬಂದು ಕುಂತಾಳ. ಅವಸರ ಐತಂತ."

"ಐದೇ ನಿಮಿಷ" ಎಂದ ವಿರುಪಾಕ್ಷ.

ಮತ್ತೆ ತಟ್ಟಿದರು. ಮತ್ತೆ ಐದು ನಿಮಿಷ. ಮೂರನೆಯ ಸಲಕ್ಕೆ ಅವನಿಗೇ ನಾಚಿಕೆಯಾಗಿ, "ಇವತ್ತು ಹತ್ತು ನಿಮಿಷ ನೋಡ್ತೀನಿ, ಸಾಕೇನು ಕೇಳ್ರಿ. ಇಲ್ಲಾಂದ್ರ ನಾಳೆ ಅವರನ್ನೇ ಮೊದಲು ನೋಡ್ತೀನಿ" ಎಂದ. ಹೇಳಿ ನಾಲಿಗೆ ಕಚ್ಚಿಕೊಂಡ. ಬಾಕ್ಸ್ ಹಿಲ್‌ನ ಮಾತು ತನ್ನ ಬಾಯಿಂದಲೇ ಬಂದುಬಿಟ್ಟಿತ್ತು.

ಗಿರಿಜವ್ವ ಹೋಗಿ ಬಂದರು. "ನಕ್ಕು ಎದ್ದು ಹೋದ್ಳರಿ. ನಮ್ಮಾಕಿನ, ಚಂದಾಗಿ ಕನ್ನಡ ಮಾತಾಡ್ತಾಳ. ಚಹಾ ಕೊಟ್ಟಿದ್ದೆ. ಭಾಳ ಹೊತ್ತು ಮಾತಾಡಿದ್ವಿ."

ವಿರುಪಾಕ್ಷ ಮೆಟ್ಟಿಲಿಳಿದು ರಸ್ತೆಯ ತನಕ ಓಡಿದ. ಯಾರೂ ಕಾಣಲಿಲ್ಲ. ಆ ಮುದುಕಿ ಎದ್ದುಹೋದ ದಿನದ ಸಂಕಟವೇ ಮತ್ತೆ ಮರುಕಳಿಸಿ ಅವನಿಗೆ ಅಳು ಬರುವಂತಾಯಿತು.

ಬಳಗವೆಲ್ಲ ಕರಗಿದ ಮೇಲೆ ಫೋನ್ ಆನ್ ಮಾಡಿದ. ಐಶ್ವರ್ಯಾ ಎಷ್ಟೋ ಸಲ ಕರೆ ಮಾಡಿದ್ದಳು. ತಿರುಗಿ ಮಾಡಿದರೆ ಅವಳ ಹಿಂದೆ ಏನೋ ಪ್ರಕಟಣೆ ಕೇಳಿಸಿತು.

"ಎಲ್ಲಿದೀಯ?"

"ಸಿಡ್ನಿ ಏರ್‌ಪೋರ್ಟಲ್ಲಿ. ವಾಪಸ್ ಹೊರಟಿದೀನಿ."

ವಿರುಪಾಕ್ಷ ಹಾಗೇ ಬೆಂಚಿನ ಮೇಲೆ ಕೂತ.

"ನಿನ್ನ ಕ್ಲಿನಿಕ್ ಹತ್ರಾನೇ, ಪ್ಯಾರಮ್ಯಾಟದ ಒಂದು ಆಫೀಸಲ್ಲಿ ಬೆಳಿಗ್ಗೆ ಇಂಟರ್‌ವ್ಯೂ ಇತ್ತು" ಎಂದಳು ಐಶ್ವರ್ಯಾ. "ಸಿಗ್ದೇ ಇದ್ರೆ ನಿಂಗೆ ಬೇಜಾರು ಅಂತ ಹೇಳಿರ್ಲಿಲ್ಲ. ಸಿಕ್ತು. ಐದು ಗಂಟೆ ಒಳಗೆ ಹೂಂ ಅನ್ನಿ ಅಂದ್ರು. ನಿನ್ನ ಫೋನ್ ಆಫ್. ಕ್ಲಿನಿಕ್‌ಗೆ ಮಾಡಿದ್ರೆ ಅಪಾಯಿಂಟ್‌ಮೆಂಟ್ ಓನ್ಲಿ ಅಂದ್ರು. ನಗು ಬಂತು. ಹೋಗ್ಲಿ, ಪೇಶೆಂಟ್ ಆಗೇ ಹೋಗೋಣ, ಒಂದು ಗಂಟೆನಾದ್ರೂ ನಿನ್ನ ಜೊತೆ ಕೂತು ಮಾತಾಡೋಣ ಅಂತ ಬುಕ್ ಮಾಡಿದೆ."

"ನಾನು ಹೆಂಡ್ತಿ ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ ಐಶು."

"ಹೇಳೋಳೇ ಇದ್ದೆ. ಅಷ್ಟರಲ್ಲಿ ಆ ಆಂಟಿ ನಿನ್ನ ಹೆಂಡ್ತಿ ಕತೆ ತೆಗೆದ್ರು. ಗಂಡನ್ನ ಒಬ್ಬನ್ನೇ ಅಟ್ಟಿ ಮೆಲ್ಬರ್ನ್‌ನಲ್ಲಿ ಆರಾಮಾಗಿ ಕೂತಿದಾಳಂತೆ, ಗಟ್ಟಿ ಹೆಂಗಸಂತೆ. ಆಮೇಲೆ ಯಾವ ಬಾಯಲ್ಲಿ ಹೇಳ್ಲಿ? ಬಾಗಿಲ ಹೊರಗೆ ಕೂತಾಗ ಯೋಚನೆ ಬಂತು ವಿರು. ಇಲ್ಲಿಗೆ ಬಂದ್ರೂ ಇಷ್ಟೇ ಅಲ್ವಾ. ಎಲ್ರದ್ದೂ ಮುಗಿದ ಮೇಲೆ ನಾನು. ಬೇಡ ಅಂತ ಹೇಳ್ಬಿಟ್ಟೆ ಅವ್ರಿಗೆ."

"ಈಗ ಫೋನ್ ಮಾಡಿ..."

"ಬೇರೆಯವ್ರಿಗೆ ಕೊಟ್ಟಾಯ್ತಂತೆ. ಬೋರ್ಡಿಂಗ್ ಕರೀತಿದಾರೆ, ಇಡ್ತೀನಿ."

ಗಿರಿಜವ್ವ ಬಾಗಿಲಲ್ಲೇ ನಿಂತು ಅವನ ಮಾತು ಕೇಳಿಸಿಕೊಂಡಿದ್ದರು; ತಾವು ಚಹಾ ಕೊಟ್ಟವಳು ಯಾರೆಂದು ತಿಳಿದುಹೋಗಿತ್ತು. ಅವರ ಮುಖ ಇಂಗು ತಿಂದ ಮಂಗನಂತಾಗಿತ್ತು. ಮೆಲ್ಲಗೆ ಬಂದು ಅವನ ಎದುರಿನ ಕುರ್ಚಿಯಲ್ಲಿ ಕೂತರು.

"ನನ್ನ ನಾಲಿಗಿಗೆ ಬೆಂಕಿ ಹಚ್ಚಲಿ. ಏನಂದ್ಳು ತಮ್ಮಾ? ಹೇಳು, ಮನಸ್ಸಿನ್ಯಾಗ ಇಟ್ಕೋಬ್ಯಾಡ. ನಾ ಕೇಳ್ತೀನಿ."

ಬೆಳಗಿನಿಂದ ಊರವರ ಸಂಕಟವನ್ನೆಲ್ಲ ಕೇಳಿದ್ದ ವಿರುಪಾಕ್ಷನಿಗೆ, ನಿನಗೇನಾಗಿದೆ ಎಂದು ಕೇಳಿದವರು ಅವರೊಬ್ಬರೇ. "ಏನು ಹೇಳ್ಲಿ ಗಿರಿಜವ್ವಾ, ನಾನು ಅವಳನ್ನ..." ಎಂದು ಶುರು ಮಾಡಿದ.

ಕೆಳಗಿನಿಂದ ಚನ್ನಬಸಯ್ಯನವರ ದನಿ ಬಂತು. "ಏ ಇವಳ, ಮಗಾ ಕಾರ್ ತಂದು ಎಷ್ಟೊತ್ತಾತು, ಲಗೂ ಇಳಿ."

ಗಿರಿಜವ್ವ ಸೆರಗು ಸರಿಮಾಡಿಕೊಂಡು ಎದ್ದರು. "ಮುಂಜಾನಿ ಬಂದ ಮ್ಯಾಲೆ ಹೇಳುವಂತಿ, ತಮ್ಮಾ. ಈಗ ಅವರು ನಿಂದ್ರೂದಿಲ್ಲ."

"ಆಯ್ತ್ರಿ" ಎಂದ ವಿರುಪಾಕ್ಷ.