ಮರಳುನೊಣವೂ ಅತ್ತೆಯ ಕೊಟ್ಟಿಗೆಯೂ

ಅತ್ತೆಮನೆಗೆ ಹೋದ ಅಳಿಯ ಮೊದಲು ನಡುಮನೆಯಲ್ಲಿ ಕೂತು ಕಾಫಿ ಕುಡಿಯಬೇಕು. ಆಮೇಲೆ ಬೇಕಾದರೆ ದನಕರುಗಳ ಯೋಗಕ್ಷೇಮ ವಿಚಾರಿಸಬೇಕು. ನಾನೋ, ಮಾಂಬಳ್ಳಿಯ ಅತ್ತೆಮನೆಗೆ ಹೋದರೆ ನೇರ ಕೊಟ್ಟಿಗೆಗೇ ನುಗ್ಗುತ್ತಿದ್ದೆ. ಕೊಳ್ಳೇಗಾಲದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವ ನನಗೆ ಮರಳುನೊಣದ ಹುಚ್ಚು. ಹೆಸರಿಗೆ ನೊಣ, ಗಾತ್ರದಲ್ಲಿ ಸೊಳ್ಳೆಗಿಂತ ಚಿಕ್ಕದು. ಮೈತುಂಬ ರೋಮ, ರೆಕ್ಕೆ ಎತ್ತಿಕೊಂಡೇ ಕೂರುತ್ತದೆ. ದೂರ ಹಾರುವ ತಾಕತ್ತಿಲ್ಲ, ಕುಪ್ಪಳಿಸುತ್ತದೆ. ಇದರಲ್ಲಿ ಕೆಲವು ಜಾತಿಯವು ಕಚ್ಚಿ ಕಾಲಾ ಅಜಾರ್‌ನಂಥ ಕೆಟ್ಟ ಜ್ವರ ಹರಡುತ್ತವೆ. ಇವು ಯಾವ ಕಾಲದಲ್ಲಿ ಹೆಚ್ಚು, ಯಾವ ಕಾಲದಲ್ಲಿ ಕಡಿಮೆ ಎಂದು ವರ್ಷ ಪೂರ್ತಿ ನೋಡಿಯೇ ತೀರುತ್ತೇನೆಂದು ಹಟ ತೊಟ್ಟಿದ್ದೆ.

ಹರಳೆಣ್ಣೆ ಸವರಿದ ಕಾಗದಗಳನ್ನು ಸಂಜೆ ಕೊಟ್ಟಿಗೆಯ ಮಣ್ಣುಗೋಡೆಯಲ್ಲಿ ನೊಣ ಹಗಲೆಲ್ಲ ಅಡಗುವ ಬಿರುಕುಗಳ ಮುಂದೆ ತೂಗುಹಾಕಿ ಬೆಳಿಗ್ಗೆ ತೆಗೆಯುವುದು ನನ್ನ ಕೆಲಸ. ಬಂದ ನೊಣ ಅಂಟಿಕೊಂಡಿರುತ್ತದೆ. ಕೆಲವೊಮ್ಮೆ ಎಮ್ಮೆ ಕಾಗದವನ್ನೇ ಮೇದಿರುತ್ತದೆ. ಬೇಸಿಗೆಯಲ್ಲಂತೂ ಕಾಗದ ಬರಿದು. ನಾನು ಜೋಲುಮುಖ ಹಾಕಿಕೊಂಡು ಹೊರಬಂದರೆ ಅತ್ತೆ ಯಾರಿಗೇನಾಯಿತೋ ಎಂದು ಗಾಬರಿಯಾಗುತ್ತಿದ್ದರು. ನೊಣ ಬಿದ್ದಿಲ್ಲ ಎಂದರೆ, ಅದು ಒಳ್ಳೆಯದೇ ಅಲ್ಲವೇ ಎಂದು ಕೇಳಿ, ಸಮಾಧಾನಕ್ಕೆ ಇನ್ನೊಂದು ಮುದ್ದೆ ಇಡುತ್ತಿದ್ದರು.

ಮಳೆ ಹಿಡಿಯಿತು. ಕೊಟ್ಟಿಗೆ ಮೂಲೆಯ ಸಗಣಿಮಣ್ಣು ತೇವವಾಯಿತು. ನೊಣದ ಮರಿಹುಳುಗಳಿಗೆ ಅದೇ ತೊಟ್ಟಿಲು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಕಾಗದದ ತುಂಬ ನೊಣ. ಹೆಂಡತಿ ರತ್ನಳಿಗೆ ತೋರಿಸೋಣವೆಂದು ಹಿಗ್ಗಿನಿಂದ ಒಳಗೆ ಓಡಿದೆ. ಅವಳು ತಾಯಿಯ ಕಾಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನಸುಕಿನಲ್ಲಿ ಹಾಲು ಕರೆಯಲು ಕೂರುವ ಅತ್ತೆಗೆ ಮೊಣಕಾಲಿನಿಂದ ಕೆಳಗೆಲ್ಲ ಕೆಂಪು ಗುಳ್ಳೆ, ಕೆರೆದು ಕೆರೆದು ಗಾಯ. ಮೈ ಬೇರೆ ಸುಡುತ್ತಿತ್ತು. ಅಳಿಯಂದಿರ ಕೆಲಸ ಕೆಡಬಾರದೆಂದು ಬಾಯಿಬಿಟ್ಟಿರಲಿಲ್ಲವಂತೆ.

ರತ್ನ ಕಾಗದ ನೋಡಿದಳು, ಕಾಲು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಬಿರುಕನ್ನೆಲ್ಲ ಮುಚ್ಚಿ ಗೋಡೆ ಮೆತ್ತಬೇಕು ಎಂದಳು. ಇನ್ನು ಚಳಿಗಾಲವೊಂದೇ ಬಾಕಿ, ಈಗ ಮುಚ್ಚಿದರೆ ಇಷ್ಟು ದಿನದ ಶ್ರಮ ಮಣ್ಣುಪಾಲು ಎಂದು ಗೋಗರೆದೆ.

"ನಿಮ್ ನೊಣುಕ್ಕೆ ವರ್ಸ ತುಂಬ್ಲಿ ಅಂತ ನಮ್ಮವ್ವ ಕಾಲೊಡ್ಡ್ಕಂಡ್ ಕೂತಿರ್ಬೇಕೇನ್ರಿ?"

ಅತ್ತೆಯನ್ನು ಯಳಂದೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದೆವು. ಫಲಿತಾಂಶ ಬರುವವರೆಗೆ ಅಲ್ಲಿಯ ಬೆಂಚಿನ ಮೇಲೆ ನಾನು ಪಟ್ಟ ಪಾಡು ನನಗೇ ಗೊತ್ತು. ಹೆದರುವಂಥದ್ದೇನೂ ಇಲ್ಲವೆಂದು ಡಾಕ್ಟರು ಮಾತ್ರೆ, ಮುಲಾಮು ಕೊಟ್ಟು ಕಳಿಸಿದರು. ಜ್ವರ ಇಳಿಯಿತು.

ನಾನು ಪಂಚೆ ಎತ್ತಿಕಟ್ಟಿ ಕೊಟ್ಟಿಗೆಗೆ ಇಳಿದೆ. ಹಟ ಅದೇ, ದಿಕ್ಕು ಮಾತ್ರ ಬೇರೆ. ಮೂಲೆಯ ಸಗಣಿಮಣ್ಣು ಬಳಿದು ಹೊರಹಾಕಿದೆ. ಪ್ರತಿ ಬಿರುಕೂ ನನಗೆ ಹಳೆಯ ನೆಂಟ. ಹುಡುಕಿ ಹುಡುಕಿ ಮಣ್ಣು ಮೆತ್ತಿ ಸುಣ್ಣ ಬಳಿದೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆಗೇ ಕೊನೆಗೆ ದಿಗಿಲಾಯಿತು. "ಸಾಕು ಬುಡಿ ಅಳಿಯಂದ್ರೇ, ಕಿಟ್ಕಿನೂ ಮುಚ್ಬುಟ್ಟೀರಿ" ಎಂದರು.

ಆಮೇಲೆ ತೂಗುಹಾಕಿದ ಕಾಗದಗಳು ಬಹುಪಾಲು ಬರಿದಾಗಿಯೇ ಬಂದವು. ಅದನ್ನು ಕಂಡು ನಕ್ಕ ಮೊದಲ ಸಂಶೋಧಕ ನಾನೇ ಇರಬೇಕು. ಆದರೂ ಬಿಟ್ಟೇನೆಯೇ? ಹೊಸದಾಗಿ ಶುರುಮಾಡಲು ಹನೂರಿನಲ್ಲಿರುವ ರತ್ನಳ ಚಿಕ್ಕಮ್ಮನ ಕೊಟ್ಟಿಗೆಯನ್ನು ಗೊತ್ತುಮಾಡಿಕೊಂಡು, ಕಾಗದದ ಸುರುಳಿ ಹಿಡಿದು ಬಸ್ಸು ಹತ್ತಿದೆ. ಹೋಗಿ ನೋಡಿದರೆ ಅಂಗಳದಲ್ಲಿ ಮಣ್ಣು ಕಲಸಿ ಗುಡ್ಡೆ ಹಾಕಿದ್ದರು. ರತ್ನ ನನಗಿಂತ ಮೊದಲೇ ಫೋನು ಮಾಡಿದ್ದಳು.

"ಮೊದ್ಲು ಗ್ವಾಡೆ ಮೆತ್ಬುಡಿ," ಎಂದರು ಚಿಕ್ಕಮ್ಮ, "ಆಮ್ಯಾಕೆ ಎಷ್ಟ್ ನೊಣ ಬೇಕೋ ಇಡ್ಕಂಡೋಗಿ."

ನಾನು ಪ್ಯಾಂಟು ಮಡಚಿದೆ.